ಜರ್ಸಿ ಸಿಟಿಯ ಕಮಲಾ ಖಾನ್: ‘ಮಿಸ್ ಮಾರ್ವೆಲ್’ ಕಾಮಿಕ್ಸಿನ ಮೊದಲ ಸಂಪುಟ

ಅಮೆರಿಕದ ಮಾರ್ವೆಲ್ ಸಂಸ್ಥೆ 2014ರ ಫೆಬ್ರವರಿಯಲ್ಲಿ ‘ಮಿಸ್ ಮಾರ್ವೆಲ್’ ಎಂಬ ತನ್ನ ಹಳೆಯ ಹೆಸರಿಗೆ ಹೊಸ ನಾಯಕಿಯೊಬ್ಬಳನ್ನು ತಂದಿತು. ಆಕೆಯ ಹೆಸರು ಕಮಲಾ ಖಾನ್. ನ್ಯೂಜರ್ಸಿ ರಾಜ್ಯದ ಜರ್ಸಿ ಸಿಟಿಯಲ್ಲಿ, ಪಾಕಿಸ್ತಾನದಿಂದ ವಲಸೆ ಬಂದ ತಂದೆತಾಯಿಯ ಮನೆಯಲ್ಲಿ ಬೆಳೆಯುತ್ತಿರುವ ಹದಿನಾರು ವರ್ಷದ ಮುಸ್ಲಿಂ ಹುಡುಗಿ ಆಕೆ. ಮಾರ್ವೆಲ್ಲಿನ ಇತಿಹಾಸದಲ್ಲಿ ಮುಸ್ಲಿಂ ಪಾತ್ರವೊಂದು ತನ್ನದೇ ಹೆಸರಿನ ಮಾಸಿಕವನ್ನು ಮುನ್ನಡೆಸಿದ್ದು ಅದೇ ಮೊದಲು. ಮೊದಲ ಐದು ಸಂಚಿಕೆಗಳನ್ನೂ, ಬೇರೊಂದು ಸಂಕಲನದಲ್ಲಿ ಬಂದಿದ್ದ ಒಂದು ಚಿಕ್ಕ ಕತೆಯನ್ನೂ ಒಟ್ಟುಗೂಡಿಸಿ ಅದೇ ವರ್ಷ ಹೊರಬಂದ ಪುಸ್ತಕವೇ ‘ನೋ ನಾರ್ಮಲ್’. 2015ರಲ್ಲಿ ಅತ್ಯುತ್ತಮ ಚಿತ್ರಕಥನಕ್ಕೆ ಸಲ್ಲುವ ಹ್ಯೂಗೋ ಪ್ರಶಸ್ತಿ ಈ ಸಂಪುಟಕ್ಕೆ ಬಂತು. ಮರುವರ್ಷ ಫ್ರಾನ್ಸಿನ ಅಂಗೂಲೆಮ್ ಕಾಮಿಕ್ಸ್ ಉತ್ಸವದಲ್ಲಿಯೂ ಅತ್ಯುತ್ತಮ ಸರಣಿಯ ಮನ್ನಣೆ ದೊರೆಯಿತು.

ಪ್ರಶಸ್ತಿಗಳ ಮಾತನ್ನು ಮೊದಲಿಗೇ ಮುಗಿಸಿಬಿಡುವುದಕ್ಕೆ ಕಾರಣವಿದೆ. ಇಂಥ ಪುಸ್ತಕವನ್ನು ಜನ ಓದುವುದಕ್ಕಿಂತ ಮೊದಲೇ ಹೊಗಳಿಬಿಡುತ್ತಾರೆ, ಅಥವಾ ಓದುವುದಕ್ಕಿಂತ ಮೊದಲೇ ತಳ್ಳಿಹಾಕಿಬಿಡುತ್ತಾರೆ. ಒಂದು ಸಮುದಾಯದ ಪ್ರತಿನಿಧಿ ಎಂಬ ಹೊರೆಯನ್ನು ಹೊರಿಸಿದ ಕೂಡಲೇ ಪಾತ್ರವನ್ನು ಪಾತ್ರವಾಗಿ ನೋಡುವ ತಾಳ್ಮೆ ಎರಡೂ ಕಡೆಯವರಿಗೆ ಉಳಿಯುವುದಿಲ್ಲ. ನನಗೆ ಈ ಸಂಪುಟದಲ್ಲಿ ನಿಜವಾಗಿ ದೊಡ್ಡದೆನಿಸಿದ್ದು ನಾಯಕಿ ಮುಸ್ಲಿಂ ಎಂಬ ಸಂಗತಿಯಷ್ಟೇ ಆಗಿರಲಿಲ್ಲ. ಆಪತ್ತಿನ ಹೊತ್ತಿನಲ್ಲಿ ಏನು ಮಾಡಬೇಕೆಂದು ತೀರ್ಮಾನಿಸಲು ಅವಳು ಮನೆಯಲ್ಲಿಯೂ ಮಸೀದಿಯಲ್ಲಿಯೂ ಕೇಳಿ ಬೆಳೆದ ಮಾತುಗಳನ್ನೇ ಹುಡುಕಿಕೊಂಡು ಹೋಗುತ್ತಾಳೆ ಎಂಬುದು. ಇಲ್ಲಿ ನಂಬಿಕೆ ಅವಳ ವೇಷದ ಭಾಗವಾಗಿ ಬರುವುದಿಲ್ಲ, ಅವಳ ವಿವೇಕದ ಭಾಗವಾಗಿ ಬರುತ್ತದೆ. ಸೂಪರ್‌ಹೀರೋ ಕಾಮಿಕ್ಸಿನಲ್ಲಿ ಇದು ಬಹಳ ಅಪರೂಪ.

ಪಾತ್ರದ ಮೊದಲ ಹೊಳಹು ಹುಟ್ಟಿದ್ದು ಮಾರ್ವೆಲ್ಲಿನ ಇಬ್ಬರು ಸಂಪಾದಕರ ಮಾತುಕತೆಯಲ್ಲಿ. ಪಾಕಿಸ್ತಾನಿ ಮೂಲದ ಅಮೆರಿಕನ್ ಮುಸ್ಲಿಂ ಕುಟುಂಬದಲ್ಲಿ ಬೆಳೆದ ಸನಾ ಅಮಾನತ್ ತಮ್ಮ ಬಾಲ್ಯದ ಘಟನೆಯೊಂದನ್ನು ಸಹೋದ್ಯೋಗಿ ಸ್ಟೀಫನ್ ವ್ಯಾಕರ್ ಅವರಿಗೆ ಹೇಳುತ್ತಿದ್ದಾಗ ಇಂಥ ಹುಡುಗಿಯೊಬ್ಬಳ ಕತೆ ಏಕೆ ಇರಬಾರದೆಂಬ ಪ್ರಶ್ನೆ ಎದ್ದಿತು. ಬರವಣಿಗೆಯ ಹೊಣೆ ಜಿ. ವಿಲೋ ವಿಲ್ಸನ್ ಅವರಿಗೆ ಬಂತು. ಅವರು ಇಸ್ಲಾಂ ಸ್ವೀಕರಿಸಿದ ಅಮೆರಿಕನ್ ಲೇಖಕಿ. ಕೆಲವು ವರ್ಷ ಈಜಿಪ್ಟಿನ ಕೈರೋದಲ್ಲಿ ವಾಸಿಸಿದ್ದವರು. ಚಿತ್ರಗಳು ಏಡ್ರಿಯನ್ ಅಲ್ಫೋನಾ ಅವರವು, ಬಣ್ಣ ಇಯಾನ್ ಹೆರಿಂಗ್ ಅವರದು. ಒಳಗಿನಿಂದ ಬಲ್ಲವರೂ ನಂಬಿಕೆಯನ್ನು ಆರಿಸಿಕೊಂಡು ಬಂದವರೂ ಸೇರಿ ಕಟ್ಟಿದ ಪಾತ್ರವಾದ್ದರಿಂದಲೇ ಇರಬೇಕು, ಇಲ್ಲಿ ವಿವರಣೆಯ ಆತುರ ಕಡಿಮೆ. ಅಮ್ಮಿ, ಅಬ್ಬು ಎಂಬ ಸಂಬೋಧನೆಗಳು ಯಾವ ಅಡಿಟಿಪ್ಪಣಿಯೂ ಇಲ್ಲದೆ ಬಂದುಹೋಗುತ್ತವೆ. ಗೊತ್ತಿಲ್ಲದ ಓದುಗರು ಸನ್ನಿವೇಶದಿಂದಲೇ ಅರಿತುಕೊಳ್ಳುತ್ತಾರೆಂಬ ವಿಶ್ವಾಸ ಲೇಖಕಿಗೆ ಇದೆ.

ಕತೆ ತೆರೆದುಕೊಳ್ಳುವುದು ಒಂದು ಅಂಗಡಿಯಲ್ಲಿ. ಸರ್ಕಲ್ ಕ್ಯೂ ಎಂಬ ಆ ಅಂಗಡಿಯಲ್ಲಿ ಕಮಲಾ ಹಂದಿಮಾಂಸದ ಸ್ಯಾಂಡ್‌ವಿಚ್ಚಿನ ಮುಂದೆ ಬಾಗಿ ನಿಂತು ಅದರ ವಾಸನೆಯನ್ನಷ್ಟೇ ಹೀರುತ್ತಿದ್ದಾಳೆ. ತಿನ್ನುವುದಾದರೆ ತಿನ್ನು, ಇಲ್ಲವಾದರೆ ಮೂಸುವುದನ್ನು ನಿಲ್ಲಿಸು ಎಂದು ಗೆಳತಿ ನಾಕಿಯಾ ಗದರುತ್ತಾಳೆ. ಕೌಂಟರಿನ ಹಿಂದೆ ನಿಂತಿರುವವನು ಬ್ರೂನೋ ಕರೆಲ್ಲಿ, ಅವಳ ಬಾಲ್ಯದ ಗೆಳೆಯ. ಒಂದು ಪುಟವೂ ಮುಗಿದಿರುವುದಿಲ್ಲ, ಅಷ್ಟರಲ್ಲಿ ಕಮಲಾಳ ಇಡೀ ಇಕ್ಕಟ್ಟು ನಮಗೆ ತಿಳಿದುಹೋಗಿರುತ್ತದೆ. ಅವಳು ನಿಯಮವನ್ನು ಮುರಿಯುವವಳಲ್ಲ. ಆದರೆ ನಿಯಮದ ಆಚೆಗಿನ ಪ್ರಪಂಚ ಹೇಗಿದ್ದೀತೆಂದು ಊಹಿಸುವುದನ್ನು ಬಿಡಲೂ ಆರಳು.

ಅದೇ ದೃಶ್ಯದಲ್ಲಿ ಜೋಯಿ ಝಿಮ್ಮರ್ ಎಂಬ ಸಹಪಾಠಿ ಒಳಗೆ ಬರುತ್ತಾಳೆ. ನಾಕಿಯಾಳ ತಲೆವಸ್ತ್ರ ತುಂಬ ಚೆನ್ನಾಗಿದೆಯೆಂದು ಹೊಗಳುತ್ತಲೇ, ಇದನ್ನು ತೊಡುವಂತೆ ಮನೆಯಲ್ಲಿ ಯಾರೂ ಬಲವಂತ ಮಾಡಿಲ್ಲ ತಾನೆ ಎಂದು ಕಾಳಜಿಯ ದನಿಯಲ್ಲಿ ವಿಚಾರಿಸುತ್ತಾಳೆ. ತೆಗೆದುಬಿಡು ಎಂದು ಹೇಳುವವರು ನನ್ನ ತಂದೆಯೇ, ಇದು ಸ್ವಲ್ಪ ದಿನದ ಹುಮ್ಮಸ್ಸು ಎಂದು ಅವರು ತಿಳಿದಿದ್ದಾರೆ ಎಂಬುದು ನಾಕಿಯಾಳ ಉತ್ತರ. ಇಷ್ಟು ಚಿಕ್ಕ ಸಂಭಾಷಣೆಯಲ್ಲಿ ಹಿಜಾಬಿನ ಬಗೆಗಿನ ಸಿದ್ಧ ಕಲ್ಪನೆಯೊಂದು ತಲೆಕೆಳಗಾಗುತ್ತದೆ, ಅದೂ ಭಾಷಣದ ಒಂದು ಪದವಿಲ್ಲದೆ. ನಾಕಿಯಾ ಟರ್ಕಿ ಮೂಲದ ಮನೆಯವಳು. ತಾನಾಗಿ ತಲೆವಸ್ತ್ರ ತೊಟ್ಟವಳು. ಕಮಲಾ ತೊಡುವುದಿಲ್ಲ. ಇಬ್ಬರ ಸ್ನೇಹಕ್ಕೆ ಅದರಿಂದ ಏನೂ ಆಗುವುದಿಲ್ಲ, ಲೇಖಕಿಯೂ ಇಬ್ಬರಲ್ಲಿ ಒಬ್ಬಳನ್ನು ಸರಿಯೆಂದು ತೋರಿಸಲು ಹೋಗುವುದಿಲ್ಲ. ಒಂದೇ ಧರ್ಮದ ಇಬ್ಬರು ಹುಡುಗಿಯರು ಎರಡು ಬಗೆಯಲ್ಲಿ ಬದುಕಬಹುದೆಂಬ ಸರಳ ಸತ್ಯವನ್ನು ಹೇಳಲು ಕಾಮಿಕ್ಸ್ ಲೋಕ ಬಹಳ ಕಾಲ ತೆಗೆದುಕೊಂಡಿತು.

ಮನೆಯ ಚಿತ್ರಣವೂ ಹೀಗೆಯೇ ಹಲವು ಪದರಗಳದ್ದು. ತಂದೆ ಯೂಸುಫ್ ಬ್ಯಾಂಕಿನಲ್ಲಿ ಕೆಲಸ ಮಾಡುವವರು, ತಾಯಿ ಮುನೀಬಾ ಮಗಳ ಬಗ್ಗೆ ಸದಾ ಆತಂಕ ಹೊತ್ತವರು. ಅಣ್ಣ ಆಮಿರ್ ಎಲ್ಲರಿಗಿಂತ ಹೆಚ್ಚು ಧರ್ಮನಿಷ್ಠ. ಊಟದ ಮೇಜಿನ ಮುಂದೆ ಅವನ ಪ್ರಾರ್ಥನೆ ಮುಗಿಯುವುದೇ ಇಲ್ಲ, ಕೆಲಸ ಹುಡುಕುವುದನ್ನು ತಪ್ಪಿಸಿಕೊಳ್ಳಲು ಇಷ್ಟು ದೀರ್ಘವಾಗಿ ಪ್ರಾರ್ಥಿಸುತ್ತೀಯಾ ಎಂದು ತಂದೆ ಕೆಣಕುತ್ತಾರೆ. ಮಗನ ಅತಿನಿಷ್ಠೆಯಿಂದ ಕಿರಿಕಿರಿಗೊಳ್ಳುವ ಮುಸ್ಲಿಂ ತಂದೆಯನ್ನು ಅಮೆರಿಕದ ಜನಪ್ರಿಯ ಕಥನಗಳಲ್ಲಿ ಎಷ್ಟು ಸಲ ನೋಡಿದ್ದೇವೆ? ಆದರೆ ಆಮಿರ್‌ನನ್ನು ಈ ಮೊದಲ ಸಂಪುಟ ನಗೆಗೆ ಒಳ್ಳೆಯ ನೆಪವಾಗಿಯೇ ಹೆಚ್ಚು ಬಳಸಿಕೊಳ್ಳುತ್ತದೆ ಎಂಬ ಅಸಮಾಧಾನ ನನಗಿದೆ. ಕಮಲಾಳಿಗೆ ದೊರೆತ ಒಳಮನಸ್ಸಿನಲ್ಲಿ ಅರ್ಧದಷ್ಟಾದರೂ ಅವನಿಗೆ ದೊರೆತಿದ್ದರೆ ಈ ಮನೆ ಇನ್ನೂ ತುಂಬಿದ ಮನೆಯಾಗುತ್ತಿತ್ತು. ಮುಂದಿನ ಸಂಪುಟಗಳಲ್ಲಿ ಈ ಕೊರತೆ ಸ್ವಲ್ಪಮಟ್ಟಿಗೆ ತುಂಬುತ್ತದೆ.

ರಾತ್ರಿ ನೀರಿನಂಚಿನಲ್ಲಿ ನಡೆಯುವ ಪಾರ್ಟಿಗೆ ಹೋಗಲು ಅನುಮತಿ ಸಿಗದೆ ಕಮಲಾ ಕಿಟಕಿಯಿಂದ ಇಳಿದು ಹೋಗುತ್ತಾಳೆ. ಅಲ್ಲಿ ಕಿತ್ತಳೆ ರಸವೆಂದು ನಂಬಿಸಿ ಮದ್ಯ ಬೆರೆಸಿದ ಪಾನೀಯ ಕುಡಿಸುತ್ತಾರೆ. ಉಗಿದು, ಅವಮಾನಗೊಂಡು ಒಬ್ಬಳೇ ಹಿಂದಿರುಗುವಾಗ ವಿಚಿತ್ರ ಮಂಜೊಂದು ಊರನ್ನು ಕವಿಯುತ್ತದೆ. ಮಾರ್ವೆಲ್ ಲೋಕದಲ್ಲಿ ಈ ಮಂಜಿಗೆ ಟೆರಿಜೆನ್ ಎಂಬ ಹೆಸರೂ ಉದ್ದನೆಯ ಪೂರ್ವಕಥೆಯೂ ಇವೆ. 2013ರ ಬೇರೊಂದು ದೊಡ್ಡ ಕಥನದಿಂದ ಹರಿದುಬಂದದ್ದು ಅದು. ಅದಾವುದನ್ನೂ ತಿಳಿಯದವರಿಗೂ ತೊಂದರೆಯಾಗದಂತೆ ವಿಲ್ಸನ್ ಬರೆದಿದ್ದಾರೆ. ಮಂಜು ಬರುತ್ತದೆ, ಹುಡುಗಿ ಬದಲಾಗುತ್ತಾಳೆ, ಅಷ್ಟು ಸಾಕು.

ಆ ಮಂಜಿನೊಳಗಿನ ದರ್ಶನವೇ ಮೊದಲ ಸಂಚಿಕೆಯ ಶಿಖರ. ಪ್ರಜ್ಞೆ ತಪ್ಪುತ್ತಿರುವ ಕಮಲಾಳ ಎದುರು ಮೋಡಗಳ ನಡುವೆ ಅವಳು ಆರಾಧಿಸುವ ವೀರನಾರಿ ಕ್ಯಾಪ್ಟನ್ ಮಾರ್ವೆಲ್, ಜೊತೆಗೆ ಐರನ್ ಮ್ಯಾನ್ ಮತ್ತು ಕ್ಯಾಪ್ಟನ್ ಅಮೆರಿಕ ಇಳಿದುಬರುತ್ತಾರೆ. ಪಾಶ್ಚಾತ್ಯ ದೇವಾಲಯಗಳ ಭಿತ್ತಿಚಿತ್ರಗಳಲ್ಲಿ ದೇವದೂತರು ನಿಲ್ಲುವ ಭಂಗಿಯಲ್ಲಿ ನಿಂತ ಕ್ಯಾಪ್ಟನ್ ಮಾರ್ವೆಲ್‌ಳ ಬಾಯಿಂದ ಬರುವುದು ಅಮೀರ್ ಖುಸ್ರೋವಿನ ‘ಸಕಲ್ ಬನ್ ಫೂಲ್ ರಹೀ ಸರಸೋಂ’. ದೆಹಲಿಯ ನಿಜಾಮುದ್ದೀನ್ ದರ್ಗಾದಲ್ಲಿ ವಸಂತದ ಹಬ್ಬದಂದು ಇಂದಿಗೂ ಹಾಡುವ ಪದ ಅದು: ಸಾಸಿವೆ ಹೂ ಬಿಟ್ಟ ಬಯಲು, ಮಾವಿನ ಮೊಗ್ಗು, ಕೋಗಿಲೆ. ಬಂಗಾರದ ಕೂದಲಿನ ಅಮೆರಿಕನ್ ಸೈನ್ಯಾಧಿಕಾರಿಯ ಬಾಯಲ್ಲಿ ಹದಿಮೂರು–ಹದಿನಾಲ್ಕನೆಯ ಶತಮಾನದ ಸೂಫಿ ಕವಿಯ ಸಾಲುಗಳನ್ನು ಇಡುವ ಧೈರ್ಯ ಸಣ್ಣದಲ್ಲ. ಕಮಲಾಳ ತಲೆಯೊಳಗೆ ಕಾಮಿಕ್ಸಿನ ವೀರರೂ ಮನೆಯಲ್ಲಿ ಕೇಳಿದ ಹಾಡೂ ಬೇರೆಬೇರೆ ಕೋಣೆಗಳಲ್ಲಿ ಇಲ್ಲ ಎಂಬುದನ್ನು ಇದಕ್ಕಿಂತ ಸುಂದರವಾಗಿ ಹೇಳಲು ಸಾಧ್ಯವೆಂದು ನನಗೆ ತೋರುವುದಿಲ್ಲ. ದಕ್ಷಿಣ ಏಷ್ಯಾದ ಓದುಗರಿಗೆ ಈ ಪುಟ ಕೊಡುವ ರೋಮಾಂಚನ ಬೇರೆಯವರಿಗೆ ಅಷ್ಟೇ ಪ್ರಮಾಣದಲ್ಲಿ ದೊರೆಯಲಾರದು, ಆದರೆ ದೃಶ್ಯದ ಭವ್ಯತೆ ಯಾರನ್ನೂ ಹೊರಗಿಡುವುದಿಲ್ಲ.

ನೀನು ಏನಾಗಬೇಕೆಂದು ಕೇಳಿದಾಗ ಕಮಲಾ ಕೊಡುವ ಉತ್ತರ ನೋಯಿಸುವಂಥದ್ದು. ಅವಳಿಗೆ ಸುಂದರಿಯಾಗಬೇಕು, ಬಲಶಾಲಿಯಾಗಬೇಕು, ಎಲ್ಲಕ್ಕಿಂತ ಮಿಗಿಲಾಗಿ ಇಷ್ಟೊಂದು ತೊಡಕಿಲ್ಲದವಳಾಗಬೇಕು. ಎದುರಿಗಿರುವ ಕ್ಯಾಪ್ಟನ್ ಮಾರ್ವೆಲ್, ಅಂದರೆ ಕ್ಯಾರಲ್ ಡ್ಯಾನ್ವರ್ಸ್, ಆಗಿಬಿಡಬೇಕು. ಈ ಕ್ಯಾರಲ್ 1977ರಲ್ಲಿ ಮಿಸ್ ಮಾರ್ವೆಲ್ ಎಂಬ ಹೆಸರನ್ನು ಮೊದಲು ತೊಟ್ಟವಳು. 2012ರಲ್ಲಿ ಆಕೆ ಕ್ಯಾಪ್ಟನ್ ಮಾರ್ವೆಲ್ ಆದದ್ದರಿಂದ ಹಳೆಯ ಹೆಸರು ತೆರವಾಗಿತ್ತು. ಬಯಕೆ ಈಡೇರುತ್ತದೆ. ಕಮಲಾ ಕಣ್ಣು ತೆರೆದಾಗ ಅವಳಿಗೆ ಬೇರೆಯದೇ ಮೈಬಣ್ಣ, ಬೇರೆಯದೇ ಕೂದಲು, ತೊಡೆಯವರೆಗಿನ ಬೂಟು, ಮೈ ತೋರುವ ಹಳೆಯ ವೇಷ. ಆ ಕ್ಷಣದಿಂದಲೇ ಎಲ್ಲವೂ ಒಗ್ಗದೆ ಹೋಗುತ್ತದೆ: ಕೂದಲು ಮುಖಕ್ಕೆ ಬೀಳುತ್ತದೆ, ಬೂಟು ಕಾಲನ್ನು ಒತ್ತುತ್ತದೆ, ಬಟ್ಟೆ ಎಲ್ಲೆಲ್ಲೋ ಸರಿಯುತ್ತದೆ. ಇನ್ನೊಬ್ಬರಾಗುವುದು ಬಿಡುಗಡೆಯೆಂದು ತಿಳಿದಿದ್ದವಳಿಗೆ ಅದು ಬರಿಯ ಆಯಾಸವೆಂದು ತಿಳಿಯುತ್ತದೆ.

ಮೈ ಹಿಗ್ಗಿಸುವ, ಕುಗ್ಗಿಸುವ, ರೂಪ ಬದಲಿಸುವ ಶಕ್ತಿಯನ್ನು ಈ ಹುಡುಗಿಗೇ ಏಕೆ ಕೊಟ್ಟರೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಹಾರುವ ಶಕ್ತಿ, ಕಣ್ಣಿಂದ ಬೆಂಕಿ ಉಗುಳುವ ಶಕ್ತಿ ಯಾರಿಗಾದರೂ ಸಲ್ಲುತ್ತದೆ. ತನ್ನ ಆಕಾರವನ್ನೇ ಮರೆಮಾಡಿ ಎಲ್ಲರೂ ಮೆಚ್ಚುವ ರೂಪಕ್ಕೆ ಜಾರಿಕೊಳ್ಳುವ ಶಕ್ತಿ ಮಾತ್ರ ಹದಿಹರೆಯದ ವಲಸೆಗಾರ ಕುಟುಂಬದ ಹುಡುಗಿಗೆ ದೊರೆತಾಗ ಅದು ವರವೂ ಹೌದು, ಪರೀಕ್ಷೆಯೂ ಹೌದು. ಅದರೊಂದಿಗೆ ಲೇಖಕಿ ಇಟ್ಟಿರುವ ಒಂದು ಕಟ್ಟಳೆ ನನಗೆ ಬಹಳ ಹಿಡಿಸಿತು. ಕಮಲಾಳ ಗಾಯಗಳು ಮಾಯುವುದು ಅವಳು ತನ್ನ ಸ್ವಂತ ರೂಪಕ್ಕೆ ಮರಳಿದಾಗ. ಮೂರನೆಯ ಸಂಚಿಕೆಯ ಕೊನೆಯಲ್ಲಿ ಕ್ಯಾರಲ್‌ಳ ರೂಪದಲ್ಲಿದ್ದಾಗ ಗುಂಡೇಟು ತಿಂದವಳು ನಾಲ್ಕನೆಯದರಲ್ಲಿ ಕಮಲಾ ಆಗಿ ಬದುಕುತ್ತಾಳೆ. ಶಕ್ತಿಯ ವ್ಯಾಕರಣದಲ್ಲಿಯೇ ಕತೆಯ ಅರ್ಥವನ್ನು ಹೆಣೆದಿರುವುದರಿಂದ ಯಾರೂ ಅದನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಎರಡನೆಯ ಸಂಚಿಕೆಯಲ್ಲಿ ಕುಡಿದ ಅಮಲಿನಲ್ಲಿ ಜೋಯಿ ನೀರಿಗೆ ಬೀಳುತ್ತಾಳೆ. ತನ್ನನ್ನು ಹೀಗಳೆದವಳನ್ನು ಉಳಿಸಬೇಕೇ ಬೇಡವೇ ಎಂಬ ತಕರಾರಿಗೆ ಅಲ್ಲಿ ಸಮಯವಿಲ್ಲ. ಟಿವಿಯಲ್ಲಿ ಬೆಂಕಿ, ನೆರೆ, ಬಾಂಬಿನ ಸುದ್ದಿ ಬಂದಾಗಲೆಲ್ಲ ತಂದೆ ಹೇಳುತ್ತಿದ್ದ ಕುರಾನಿನ ಐದನೆಯ ಅಧ್ಯಾಯದ ವಾಕ್ಯ ಕಮಲಾಳ ನೆನಪಿಗೆ ಬರುತ್ತದೆ: ಒಬ್ಬರನ್ನು ಕೊಂದವನು ಇಡೀ ಮನುಕುಲವನ್ನು ಕೊಂದಂತೆ, ಒಬ್ಬರನ್ನು ಉಳಿಸಿದವನು ಇಡೀ ಮನುಕುಲವನ್ನು ಉಳಿಸಿದಂತೆ. ಮುಂದಿನ ಚೌಕಟ್ಟಿನಲ್ಲಿ ಬೃಹತ್ತಾಗಿ ಬೆಳೆದ ಕೈಯೊಂದು ನೀರಿಗಿಳಿಯುತ್ತದೆ. ಸ್ಪೈಡರ್‌ಮ್ಯಾನ್‌ನಂಥ ವೀರರಿಗೆ ದಾರಿ ತೋರಿದ್ದು ಹಿರಿಯರ ಸಾವು ಮತ್ತು ಅದರ ಅಪರಾಧಪ್ರಜ್ಞೆ. ಕಮಲಾಳಿಗೆ ಯಾರೂ ಸಾಯಬೇಕಾಗಲಿಲ್ಲ. ಬದುಕಿರುವ ತಂದೆ ಸುದ್ದಿ ನೋಡುತ್ತ ಹೇಳಿದ್ದ ಮಾತು ಸಾಕಾಯಿತು. ಸೂಪರ್‌ಹೀರೋ ಕಥನದ ಬಹುಹಳೆಯ ಚಾಳಿಯೊಂದನ್ನು ಇಷ್ಟು ಸದ್ದಿಲ್ಲದೆ ಕೈಬಿಟ್ಟದ್ದಕ್ಕಾಗಿ ವಿಲ್ಸನ್ ಅವರಿಗೆ ನಾನು ಕೃತಜ್ಞ.

ಹಾಗೆಂದು ಪುಸ್ತಕ ಸಮುದಾಯದ ಒಳಗಿನ ಪ್ರಶ್ನೆಗಳನ್ನು ಮುಚ್ಚಿಡುವುದಿಲ್ಲ. ಮಸೀದಿಯಲ್ಲಿ ಯುವಜನರಿಗಾಗಿ ನಡೆಯುವ ಉಪನ್ಯಾಸದ ದೃಶ್ಯದಲ್ಲಿ ಹೆಣ್ಣುಮಕ್ಕಳು ಅಡ್ಡಗೋಡೆಯ ಹಿಂದೆ ಕುಳಿತಿದ್ದಾರೆ. ಮಾತನಾಡುವವರ ಮುಖವೇ ಕಾಣದಿದ್ದರೆ ಗಮನ ಕೊಡುವುದು ಹೇಗೆ ಎಂದು ಶೇಖ್ ಅಬ್ದುಲ್ಲಾ ಅವರನ್ನು ಕಮಲಾ ನೇರವಾಗಿ ಕೇಳುತ್ತಾಳೆ. ಉತ್ತರ ಅವಳಿಗೆ ಸಮಾಧಾನ ಕೊಡುವುದಿಲ್ಲ. ಗೆಳತಿಯರಿಬ್ಬರೂ ನಡುವೆಯೇ ಎದ್ದು ಜಾರಿಕೊಳ್ಳುತ್ತಾರೆ. ಪ್ರಶ್ನೆ ಕೇಳಿದ ಮಾತ್ರಕ್ಕೆ ಅವಳು ನಂಬಿಕೆಯಿಂದ ದೂರವಾದವಳೆಂದು ಕತೆ ಸೂಚಿಸುವುದಿಲ್ಲ, ಉತ್ತರ ಸಾಲದೆ ಹೋದ ಮಾತ್ರಕ್ಕೆ ಶೇಖ್ ಕೆಟ್ಟವರೆಂದೂ ಹೇಳುವುದಿಲ್ಲ. ಈ ದೃಶ್ಯದ ನಿಜವಾದ ಫಲ ದೊರೆಯುವುದು ಎರಡನೆಯ ಸಂಪುಟದ ಆರಂಭದಲ್ಲಿ. ಮನೆಯವರ ಒತ್ತಾಯದಿಂದ ಅದೇ ಶೇಖ್ ಅವರ ಮುಂದೆ ಕುಳಿತ ಕಮಲಾ, ತಾನು ಜನರಿಗೆ ನೆರವಾಗುತ್ತಿದ್ದೇನೆ, ಅದಕ್ಕಿಂತ ಹೆಚ್ಚು ಹೇಳಲಾರೆ ಎನ್ನುತ್ತಾಳೆ. ಗದರಿಕೆಯನ್ನು ನಿರೀಕ್ಷಿಸಿದವಳಿಗೆ ಅವರು ಹೇಳುವುದು, ನನಗೆ ಹೇಳಲಾಗದ ಆ ಕೆಲಸವನ್ನು ಮಾಡಲೇಬೇಕೆಂದಿದ್ದರೆ ಧೈರ್ಯ, ಬಲ, ಪ್ರಾಮಾಣಿಕತೆ, ಕರುಣೆ ಮತ್ತು ಆತ್ಮಗೌರವದಿಂದ ಮಾಡು ಎಂದು. ಜೊತೆಗೆ ಒಬ್ಬ ಗುರುವನ್ನು ಹುಡುಕಿಕೋ ಎಂದು. ಇಮಾಮರ ಪಾತ್ರವೆಂದರೆ ಅಪಾಯದ ಮುನ್ಸೂಚನೆ ಎಂದು ಒಗ್ಗಿಹೋಗಿದ್ದ ಜನಪ್ರಿಯ ಕಥನದಲ್ಲಿ ಈ ಪುಟಗಳನ್ನು ಓದುವಾಗ ಆಗುವ ನೆಮ್ಮದಿಯನ್ನು ನಾನು ಮುಚ್ಚಿಡಲಾರೆ.

ಕಮಲಾಳಿಗಿಂತ ಮುಂಚೆ ಮುಸ್ಲಿಂ ವೀರನಾರಿಯರು ಇರಲಿಲ್ಲವೆಂದಲ್ಲ. ಮಾರ್ವೆಲ್ 2002ರಲ್ಲಿಯೇ ಎಕ್ಸ್‌ಮೆನ್ ಕಥೆಗಳಿಗೆ ‘ಡಸ್ಟ್’ ಎಂಬ ಆಫ್ಘನ್ ಹುಡುಗಿಯನ್ನು ತಂದಿತ್ತು. ಮರಳಾಗಿ ಬದಲಾಗುವ ಸೂರಯಾ ಕಾದಿರ್ ಆಕೆ. ಕುವೈತಿನ ನಾಯಿಫ್ ಅಲ್ ಮುತವ್ವಾ 2006ರಲ್ಲಿ ‘ದಿ 99’ ಸರಣಿಯನ್ನು ಆರಂಭಿಸಿದ್ದರು. 2013ರಲ್ಲಿ ಈಜಿಪ್ಟಿನ ದೀನಾ ಮೊಹಮ್ಮದ್ ಅಂತರಜಾಲದಲ್ಲಿ ‘ಕಾಹೆರಾ’ ಎಂಬ ಹಿಜಾಬು ತೊಟ್ಟ ನಾಯಕಿಯನ್ನು ಚಿತ್ರಿಸಿದರು, ಪಾಕಿಸ್ತಾನದಲ್ಲಿ ‘ಬುರ್ಖಾ ಅವೆಂಜರ್’ ಎಂಬ ಅನಿಮೇಷನ್ ಸರಣಿ ಬಂತು. ಇವುಗಳಲ್ಲಿ ಕೆಲವು ನನಗೆ ಬಹಳ ಪ್ರಿಯ. ಆದರೆ ಡಸ್ಟ್‌ನಂಥ ಪಾತ್ರದಲ್ಲಿ ನಮಗೆ ಮೊದಲು ಕಾಣುವುದು ಮುಸುಕು, ಆಮೇಲೆ ಯುದ್ಧ, ಕೊನೆಗೆಲ್ಲೋ ಹುಡುಗಿ. ಕಮಲಾಳ ವಿಷಯದಲ್ಲಿ ಮೊದಲು ಕಾಣುವುದು ಕ್ಯಾಪ್ಟನ್ ಮಾರ್ವೆಲ್‌ಳನ್ನು ಆರಾಧಿಸುತ್ತ, ರಾತ್ರಿಯೆಲ್ಲ ಅವೆಂಜರ್ಸ್ ಎಂಬ ವೀರರ ತಂಡದ ಬಗ್ಗೆ ಕತೆ ಕಟ್ಟಿ ಅಂತರಜಾಲದಲ್ಲಿ ಹಾಕುವ ಹುಡುಗಿ. ಕಾಮಿಕ್ಸ್ ಓದುವವರೆಲ್ಲರಿಗೂ ಅವಳು ಆ ಗಳಿಗೆಯಿಂದಲೇ ತಮ್ಮವಳು.

ಚಿತ್ರಗಳ ಬಗ್ಗೆ ವಿವರವಾಗಿ ಹೇಳಲೇಬೇಕು, ಏಕೆಂದರೆ ಪುಸ್ತಕದ ಸೊಗಸಿನ ಅರ್ಧಪಾಲು ಅಲ್ಲಿದೆ. ಅಲ್ಫೋನಾ ಹಿಂದೆ ‘ರನ್‌ಅವೇಸ್’ ಸರಣಿಯಲ್ಲಿ ಹದಿಹರೆಯದವರನ್ನು ಚಿತ್ರಿಸಿ ಹೆಸರಾದವರು. ಇಲ್ಲಿ ಅವರ ಗೆರೆ ಇನ್ನಷ್ಟು ಸಡಿಲ, ಇನ್ನಷ್ಟು ತುಂಟತನದ್ದು. ಕಮಲಾಳ ದಪ್ಪ ಹುಬ್ಬು, ನೀಳ ಮೂಗು, ಸಣಕಲು ತೋಳು ಸುಂದರಗೊಳಿಸುವ ಯಾವ ಪ್ರಯತ್ನವಿಲ್ಲದೆ ಬಂದಿವೆ. ಮುಷ್ಟಿಯೊಂದೇ ಬಂಡೆಯಷ್ಟು ಬೆಳೆದು ತೋಳು ಕಡ್ಡಿಯಂತೆ ಉಳಿದಾಗ, ಅಥವಾ ಕಾಲುಗಳು ಮಾತ್ರ ಉದ್ದವಾಗಿ ಬೀದಿ ದಾಟುವಾಗ, ಮೈ ತನ್ನ ಮಾತು ಕೇಳುತ್ತಿಲ್ಲವೆಂದು ಆ ವಯಸ್ಸಿನ ಮಕ್ಕಳೆಲ್ಲರಿಗೂ ಅನಿಸುವ ಮುಜುಗರ ಕಣ್ಣಿಗೆ ಕಟ್ಟುತ್ತದೆ. ಸೂಪರ್‌ಹೀರೋ ಕಾಮಿಕ್ಸ್ ಹೆಣ್ಣಿನ ಮೈಯನ್ನು ದಶಕಗಳ ಕಾಲ ನೋಡುಗರ ಸುಖಕ್ಕಾಗಿ ತಿದ್ದಿತೀಡಿದೆ. ಇಲ್ಲಿ ಆ ಮೈ ನಗಿಸುತ್ತದೆ, ಎಡವುತ್ತದೆ, ದುಡಿಯುತ್ತದೆ. ಹಿನ್ನೆಲೆಗಳಲ್ಲಿ ಸಣ್ಣ ಅಕ್ಷರಗಳ ಫಲಕಗಳು, ಡಬ್ಬಿಗಳ ಮೇಲಿನ ವಿಚಿತ್ರ ಹೆಸರುಗಳು, ಮೂಲೆಯಲ್ಲಿ ತಮ್ಮ ಪಾಡಿಗೆ ಏನೋ ಮಾಡುತ್ತಿರುವ ಜನ ತುಂಬಿಕೊಂಡಿದ್ದಾರೆ. ಎರಡನೆಯ ಓದಿನಲ್ಲಿ ಮಾತ್ರ ಸಿಗುವ ನಗೆ ಅದು. ಹೆರಿಂಗ್ ಅವರ ಬಣ್ಣಗಳು ಮಾಮೂಲಿ ಕಾಮಿಕ್ಸಿನ ಕಣ್ಣು ಕುಕ್ಕುವ ಕೆಂಪು–ನೀಲಿಗಳಲ್ಲ. ತೆಳುವಾದ, ಕಾಗದದಲ್ಲಿ ಇಂಗಿದಂತಿರುವ ಹಳದಿ, ಹಸಿರು, ಕಂದು. ಹೀಗಾಗಿ ಜರ್ಸಿ ಸಿಟಿ ನದಿಯಾಚೆಯ ನ್ಯೂಯಾರ್ಕಿನ ನೆರಳಿನ ಊರಾಗಿ ಉಳಿಯದೆ ತನ್ನದೇ ಬೆಳಕಿನ ಊರಾಗಿದೆ. ಮಾರ್ವೆಲ್ ವೀರರಲ್ಲಿ ಹೆಚ್ಚಿನವರು ಆ ಆಚೆ ದಡದ ಮ್ಯಾನ್‌ಹಾಟನ್ನಿನವರು ಎಂಬುದನ್ನು ನೆನೆದರೆ ಈ ಆಯ್ಕೆಯ ಅರ್ಥ ತಿಳಿಯುತ್ತದೆ.

ಹೊಸ ವೇಷದ ಹುಟ್ಟೂ ಗಮನಿಸಬೇಕಾದದ್ದು. ಮೈ ಮುಚ್ಚುವ ಈಜುಡುಗೆಯಾದ ಬುರ್ಕಿನಿಯನ್ನು ಕಮಲಾ ತನ್ನ ಬೀರುವಿನಿಂದ ತೆಗೆದು, ಅದರ ಮೇಲೆ ಮಿಂಚಿನ ಗುರುತು ಮೂಡಿಸಿ, ಕೊರಳಿಗೆ ಉದ್ದನೆಯ ಶಾಲು ಸುತ್ತಿಕೊಳ್ಳುತ್ತಾಳೆ. ಜೇಮಿ ಮೆಕೆಲ್ವಿ ವಿನ್ಯಾಸಗೊಳಿಸಿದ ಈ ಉಡುಪಿನಲ್ಲಿ ಕ್ಯಾರಲ್‌ಳ ನೆನಪೂ ಇದೆ, ಸಲ್ವಾರ್ ಕಮೀಜಿನ ನೆರಳೂ ಇದೆ, ಹುಡುಗಿಯೊಬ್ಬಳು ಮನೆಯಲ್ಲಿದ್ದ ಬಟ್ಟೆಯಿಂದಲೇ ಹೊಂದಿಸಿಕೊಂಡ ಸಹಜತೆಯೂ ಇದೆ.

ಇನ್ನು ಕೊರತೆಗಳು. ಖಳನ ಭಾಗವೇ ಪುಸ್ತಕದ ದುರ್ಬಲ ಭಾಗ. ‘ಇನ್ವೆಂಟರ್’ ಎಂಬ ಹೆಸರು ಮೊದಲ ಸಂಪುಟದಲ್ಲಿ ಬಹುತೇಕ ಹೆಸರಾಗಿಯೇ ಓಡಾಡುತ್ತದೆ. ಅವನಿಗಾಗಿ ಕೆಲಸ ಮಾಡುವ ಹುಡುಗರೂ ಸಣ್ಣ ಯಂತ್ರಗಳೂ ಒಡ್ಡುವ ಅಪಾಯ ನಮ್ಮನ್ನು ಹೆಚ್ಚು ಕಾಡುವುದಿಲ್ಲ. ಎಡಿಸನ್ನನ ತದ್ರೂಪಿಯನ್ನು ಸೃಷ್ಟಿಸಲು ಹೋಗಿ ಸಾಕುಗಿಳಿಯ ಜೀವಕೋಶ ಬೆರೆತು ಹುಟ್ಟಿದ ಹಕ್ಕಿಮುಖದ ಜೀವಿ ಅವನೆಂಬುದು ಎರಡನೆಯ ಸಂಪುಟದಲ್ಲಿ ಬಿಚ್ಚಿಕೊಂಡಾಗ ಅದು ಸೊಗಸಾದ ಹುಚ್ಚುಕಲ್ಪನೆಯೇ ಸರಿ, ಆದರೆ ಅಷ್ಟರವರೆಗೆ ಕಾಯುವ ಓದುಗರು ಇರಬೇಕು. ಬ್ರೂನೋನ ತಮ್ಮ ವಿಕ್ ಅಂಗಡಿ ದೋಚಲು ಬರುವ ಪ್ರಸಂಗವೂ ಕತೆಯನ್ನು ಮುಂದೂಡುವ ಅನುಕೂಲಕ್ಕಾಗಿ ಬಂದಂತಿದೆ. ಆ ಹುಡುಗ ಹೀಗೇಕಾದ ಎಂಬುದಕ್ಕೆ ಒಂದು ಪುಟವನ್ನಾದರೂ ಮೀಸಲಿಡಬಹುದಿತ್ತು. ಸುಮಾರು 120 ಪುಟಗಳ ಸಂಪುಟ ಮುಗಿಯುವುದು ನಡುದಾರಿಯಲ್ಲಿ. ಮಾಸಿಕವಾಗಿ ಬಂದ ಬರಹವನ್ನು ಕೂಡಿಸಿದಾಗ ಈ ತೊಂದರೆ ಅನಿವಾರ್ಯವೆನ್ನಬಹುದು, ಆದರೆ ಪುಸ್ತಕವನ್ನು ಪುಸ್ತಕವೆಂದು ಕೊಂಡವರಿಗೆ ಆ ಸಮಾಧಾನ ಸಾಲದು.

ಆದ್ದರಿಂದ ನನ್ನ ಸ್ಪಷ್ಟ ಸಲಹೆಯೆಂದರೆ ‘ನೋ ನಾರ್ಮಲ್’ ಜೊತೆಗೆ ಎರಡನೆಯ ಸಂಪುಟವಾದ ‘ಜನರೇಷನ್ ವೈ’ಯನ್ನೂ ತೆಗೆದುಕೊಂಡು ಎರಡನ್ನೂ ಒಂದೇ ಕತೆಯಾಗಿ ಓದಬೇಕು. ಆರರಿಂದ ಹನ್ನೊಂದನೆಯವರೆಗಿನ ಸಂಚಿಕೆಗಳು ಅದರಲ್ಲಿವೆ. ಗಾಯ ಮಾಯಿಸಿಕೊಳ್ಳುವ ಶಕ್ತಿಯನ್ನು ಕಳೆದುಕೊಂಡ ಎಕ್ಸ್‌ಮೆನ್ ಬಳಗದ ವೀರ ವುಲ್ವರಿನ್‌ನನ್ನು ಕಮಲಾ ಬೆನ್ನ ಮೇಲೆ ಹೊತ್ತು ಚರಂಡಿಯಿಂದ ಹೊರತರುವ ಪ್ರಸಂಗ ತಮಾಷೆಯದ್ದೂ ಹೌದು, ಆರ್ದ್ರವಾದದ್ದೂ ಹೌದು. ಇಡೀ ಕಥನದ ಒಳತಿರುಳು ತೆರೆದುಕೊಳ್ಳುವುದೂ ಅಲ್ಲಿಯೇ: ಯಂತ್ರಗಳಿಗೆ ತಮ್ಮ ಮೈಯನ್ನೇ ಬ್ಯಾಟರಿಯಾಗಿ ಕೊಡಲು ಒಪ್ಪಿಕೊಂಡ ಹುಡುಗ ಹುಡುಗಿಯರನ್ನು ಕಮಲಾ ಕಾಣುತ್ತಾಳೆ. ಯಾರೂ ಅವರನ್ನು ಕಟ್ಟಿಹಾಕಿಲ್ಲ. ಈ ಪೀಳಿಗೆ ಭೂಮಿಗೆ ಹೊರೆ, ಇವರಿಂದ ಏನೂ ಆಗದು ಎಂಬ ಹಿರಿಯರ ಮಾತನ್ನು ಕೇಳಿ ಕೇಳಿ ಅವರೇ ನಂಬಿಬಿಟ್ಟಿದ್ದಾರೆ. ಮುಸ್ಲಿಂ ಹುಡುಗಿಯ ಕತೆಯಾಗಿ ಹೊರಟದ್ದು ಅಲ್ಲಿಗೆ ಬರುವಾಗ ಒಂದು ಇಡೀ ಪೀಳಿಗೆಯ ಕತೆಯಾಗಿರುತ್ತದೆ, ಕಮಲಾ ತನ್ನ ಬೇರನ್ನು ಒಂದಿಷ್ಟೂ ಕಳೆದುಕೊಳ್ಳದೆ.

ವಿಲ್ಸನ್ 2019ರವರೆಗೂ ಈ ಸರಣಿಯನ್ನು ಬರೆದರು. ನಡುವೆ ಕಥೆ 1947ರ ಮುಂಬಯಿಗೆ ಹಿಂದಿರುಗಿ, ವಿಭಜನೆಯಲ್ಲಿ ಊರು ಬಿಟ್ಟ ಕಮಲಾಳ ಹಿರೀಕರನ್ನೂ ತಲೆಮಾರಿನಿಂದ ತಲೆಮಾರಿಗೆ ಬಂದ ಬಳೆಗಳನ್ನೂ ಮುಟ್ಟುತ್ತದೆ. ಮುಂದೊಮ್ಮೆ ಅವಳು ಕರಾಚಿಗೂ ಹೋಗುತ್ತಾಳೆ. ಆ ಭಾಗಗಳಿಗೆ ಪ್ರತ್ಯೇಕ ವಿಮರ್ಶೆಯೇ ಬೇಕು. ಬೇರೆ ಲೇಖಕರ ಕೈಗೆ ಹೋದ ಮೇಲೆ ಪಾತ್ರದ ಪಾಡು ಏರುಪೇರಾಯಿತು. 2023ರಲ್ಲಿ ಅವಳನ್ನು ಸ್ಪೈಡರ್‌ಮ್ಯಾನ್‌ನ ಸಂಚಿಕೆಯೊಂದರಲ್ಲಿ ಸಾಯಿಸಿ, ಕೆಲವೇ ತಿಂಗಳಲ್ಲಿ ಬದುಕಿಸಿ, ಎಕ್ಸ್‌ಮೆನ್ ಬಳಗಕ್ಕೆ ಸೇರಿಸಿದ್ದನ್ನು ನಾನು ಒಪ್ಪಲಾರೆ. ಇನ್ನೊಬ್ಬರ ಕತೆಯಲ್ಲಿ ದುಃಖಕ್ಕೆ ಕಾರಣವಾಗಿ ಸಾಯುವುದಕ್ಕಾಗಿ ಕಟ್ಟಿದ ಪಾತ್ರ ಇದಲ್ಲ.

ಡಿಸ್ನಿ ಸಂಸ್ಥೆ 2022ರ ಜೂನ್‌ನಲ್ಲಿ ತಂದ ಆರು ಕಂತುಗಳ ದೃಶ್ಯಸರಣಿಯ ಮೂಲಕ ಕಮಲಾಳನ್ನು ಅರಿತವರು ಹಲವರಿದ್ದಾರೆ. ಇಮಾನ್ ವೆಲ್ಲಾನಿ ಆ ಪಾತ್ರಕ್ಕೆ ತಂದ ಲವಲವಿಕೆ ಮೆಚ್ಚತಕ್ಕದ್ದೇ. ಆದರೆ ಅಲ್ಲಿ ಮೈ ಹಿಗ್ಗುವ ಶಕ್ತಿಯ ಬದಲಿಗೆ ಬಳೆಯಿಂದ ಹೊಮ್ಮುವ ಬೆಳಕಿನ ಶಕ್ತಿ ಬಂದಿದೆ. ತೆರೆಯ ಮೇಲೆ ಅದು ಚಂದ ಕಾಣುತ್ತದೆ. ಕನ್ನಡಿಯ ಮುಂದೆ ನಿಂತ ಹುಡುಗಿ ತನ್ನ ಮುಖವನ್ನೇ ಬಿಟ್ಟುಕೊಟ್ಟು ಮತ್ತೆ ಅದನ್ನು ಆರಿಸಿಕೊಳ್ಳುವ ಪ್ರಸಂಗ ಮಾತ್ರ ಅಲ್ಲಿ ಸಾಧ್ಯವಾಗುವುದಿಲ್ಲ, ಮತ್ತು ಆ ಪ್ರಸಂಗವಿಲ್ಲದೆ ಐದನೆಯ ಸಂಚಿಕೆಯಲ್ಲಿ ತಂದೆ ಮಗಳ ಕೋಣೆಗೆ ಬಂದು, ಯಾರನ್ನೋ ಮೆಚ್ಚಿಸಲು ನೀನು ಬೇರೆ ಯಾರೂ ಆಗಬೇಕಾಗಿಲ್ಲ ಎಂದು ಹೇಳುವ ಮಾತಿನ ತೂಕ ತಿಳಿಯುವುದಿಲ್ಲ. ಸರಣಿಯನ್ನು ನೋಡಿದವರೂ ಮೂಲವನ್ನು ಓದಬೇಕೆಂದು ನಾನು ಒತ್ತಾಯಿಸುವುದು ಇದಕ್ಕಾಗಿ.

ಪುಸ್ತಕ ಓದು ಎಂಬ ಕ್ರಿಯೆಯ ಆಚೆಗೂ ಸಾಗಿದ್ದಕ್ಕೆ ಒಂದು ಪ್ರಸಂಗವಿದೆ. 2015ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ಬಸ್ಸುಗಳ ಮೇಲೆ ಅಂಟಿಸಿದ್ದ ಇಸ್ಲಾಂ ವಿರೋಧಿ ಜಾಹೀರಾತುಗಳ ಮೇಲೆ ಯಾರೋ ಕಮಲಾ ಖಾನಳ ಚಿತ್ರಗಳನ್ನು ಅಂಟಿಸಿ ಆ ದ್ವೇಷದ ಸಾಲುಗಳನ್ನು ಮರೆಮಾಡಿದರು. ಮೊದಲ ಸಂಚಿಕೆ ಬಂದು ಒಂದು ವರ್ಷವೂ ತುಂಬಿರಲಿಲ್ಲ.

ಓದಿಗೆ ಸಂಬಂಧಿಸಿದ ಕೆಲವು ಮಾತುಗಳು. ಇಂಗ್ಲಿಷ್ ಸರಳವಾಗಿದೆ, ಆದರೆ ಅಮೆರಿಕದ ಹದಿಹರೆಯದವರ ಆಡುಮಾತು ಧಾರಾಳವಾಗಿದೆ. ಹನ್ನೆರಡು ವರ್ಷ ದಾಟಿದ ಮಕ್ಕಳ ಕೈಗೆ ನಿಸ್ಸಂಕೋಚವಾಗಿ ಕೊಡಬಹುದು. ಮದ್ಯ ಕುಡಿಸುವ ಪಾರ್ಟಿ ಮತ್ತು ಗುಂಡೇಟಿನ ದೃಶ್ಯ ಇವೆಯೆಂದು ಹಿರಿಯರಿಗೆ ತಿಳಿದಿದ್ದರೆ ಸಾಕು, ಎರಡನ್ನೂ ಸಂಯಮದಿಂದಲೇ ಚಿತ್ರಿಸಲಾಗಿದೆ. ಮಾರ್ವೆಲ್ಲಿನ ಹಿಂದಿನ ಕಥೆಗಳ ಪರಿಚಯ ಬೇಕಾಗಿಲ್ಲ. ಸಾಧ್ಯವಾದರೆ ಕಾಗದದ ಪ್ರತಿಯನ್ನೇ ಓದಿ. ಫೋನಿನಲ್ಲಿ ಒಂದೊಂದೇ ಚೌಕಟ್ಟನ್ನು ಸರಿಸಿ ನೋಡುವಾಗ ಅಲ್ಫೋನಾ ಪುಟದ ಮೂಲೆಗಳಲ್ಲಿ ಬಿಟ್ಟುಹೋದದ್ದೆಲ್ಲ ಕೈತಪ್ಪುತ್ತದೆ, ಆ ಮಂಜಿನ ದರ್ಶನದ ಪುಟವಂತೂ ತುಂಡುತುಂಡಾಗಿ ತನ್ನ ಎತ್ತರವನ್ನೇ ಕಳೆದುಕೊಳ್ಳುತ್ತದೆ. ಪರದೆಯಲ್ಲೇ ಓದಬೇಕಾದವರು ಇಡೀ ಪುಟ ಒಮ್ಮೆಗೇ ಕಾಣುವಷ್ಟು ದೊಡ್ಡ ಟ್ಯಾಬ್ಲೆಟನ್ನು ಬಳಸುವುದು ಒಳ್ಳೆಯದು.